ಬಿಲ್ಲೆ ಹರಳಿನ ಧೂಳು

ನಮ್ಮ ಊರಿನಲ್ಲಿ ಯಾವುದೂ ತಾನಾಗಿ ಗಟ್ಟಿಯಾಗುವುದಿಲ್ಲ. ಉಪ್ಪುನೀರನ್ನು ಎಷ್ಟು ಕಾಯಿಸಿದರೂ ಅದು ಮಂದವಾಗುತ್ತ ಹೋಗುತ್ತದೆಯೇ ಹೊರತು ತಳದಲ್ಲಿ ಒಂದು ಕಾಳು ಉಪ್ಪು ಕೂರುವುದಿಲ್ಲ. ಬೆಲ್ಲದ ಪಾಕ ಪಾಕವಾಗಿಯೇ ಉಳಿಯುತ್ತದೆ. ಬೇರೆ ಊರುಗಳಲ್ಲಿ ತಟ್ಟೆಯಲ್ಲಿಟ್ಟ ಉಪ್ಪುನೀರು ಬಿಸಿಲಿಗೆ ತಾನೇ ಉಪ್ಪಾಗುತ್ತದಂತೆ. ಬಸ್ಸಿನ ಕಂಡಕ್ಟರ್ ಹೇಳಿದ್ದು, ನಾನು ಕಂಡಿಲ್ಲ. ನಮಗೆ ಚುಕ್ಕಿ ಬೇಕು. ಪಾತ್ರೆಯನ್ನು ಚುಕ್ಕಿಮನೆಗೆ ಹೊತ್ತು ತರಬೇಕು, ಲೇಸರಿನ ಹಸಿರು ಬೆಳಕನ್ನು ಲೆನ್ಸಿನಲ್ಲಿ ಹಿಡಿದು ಸೂಜಿಯ ಮೊನೆಗಿಂತ ಸಣ್ಣಗೆ ಮಾಡಿ, ಪಾಕದ ಮೇಲ್ಮೈಯಿಂದ ಕೂದಲೆಳೆಯಷ್ಟು ಕೆಳಗೆ ನಿಲ್ಲಿಸಬೇಕು. ಆಗ ಆ ಚುಕ್ಕಿಯ ಸುತ್ತ ಏನೋ ಮುತ್ತಿಕೊಂಡು ಮೊದಲ ಹರಳು ಕಚ್ಚುತ್ತದೆ. ಒಂದು ಕಚ್ಚಿತೆಂದರೆ ಉಳಿದವು ಅದರ ಬೆನ್ನು ಹಿಡಿದು ಬರುತ್ತವೆ. ಹನ್ನೊಂದು ವರ್ಷದಿಂದ ಆ ಚುಕ್ಕಿ ಇಡುವ ಕೆಲಸ ನನ್ನದು.

ಆ ಕೆಲಸಕ್ಕೆ ನನ್ನಂಥವಳನ್ನು ಯಾರು ಆರಿಸಿದರೋ! ಚುಕ್ಕಿ ಇಟ್ಟ ಮೇಲೆ ನೆಲ ಅಲುಗಬಾರದು. ಹಾಗಾಗಿ ದಿನವೂ ಬೆಳಗ್ಗೆ ಮೂರು ಗಂಟೆಗಳ ಕಾಲ ನಮ್ಮೂರಲ್ಲಿ ಅಲುಗದ ಹೊತ್ತು. ಗಾಡಿ ನಿಲ್ಲುತ್ತದೆ, ಒನಕೆ ನಿಲ್ಲುತ್ತದೆ, ಶಾಲೆಯಲ್ಲಿ ಮಕ್ಕಳು ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಾರೆ, ಜಗಳವಾಡುವವರು ಉಳಿದ ಜಗಳವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತಾರೆ. ಅವರಿಗೆಲ್ಲ ಅಭ್ಯಾಸವಾಗಿತ್ತು. ನಾನು ಮಾತ್ರ ಹುಟ್ಟಿದಾಗಿನಿಂದ ಕಾಲಿಗೆ ಚಕ್ರ ಕಟ್ಟಿಕೊಂಡವಳು. ಅನ್ನ ಬೇಯುವವರೆಗೆ ಒಲೆಯ ಮುಂದೆ ಕೂತವಳಲ್ಲ, ಮುಚ್ಚಳ ತೆಗೆದು ತೆಗೆದು ನೋಡಿ ಅನ್ನವನ್ನು ಹಸಿಬಿಸಿ ಮಾಡಿದವಳು. ಆದರೂ ಸೂಕ್ಷ್ಮದರ್ಶಕದ ಕೊಳವೆಗೆ ಕಣ್ಣಿಟ್ಟರೆ ನನ್ನ ಮೈ ಹೇಗೋ ಸ್ವಲ್ಪ ಹದಕ್ಕೆ ಬರುತ್ತಿತ್ತು. ಕಾರಣ, ನನಗೊಂದು ಹುಚ್ಚಿತ್ತು. ನೀರಾಗಿದ್ದದ್ದು ಹರಳಾಗುವ ಆ ಕ್ಷಣವನ್ನು ನೋಡಬೇಕು ಅಂತ. ಮೊದಲು ಮಂಜಿನಂಥದೊಂದು ಮುದ್ದೆ ಕಾಣುತ್ತದೆ. ಆಮೇಲೆ ನೋಡಿದರೆ ಅಂಚು ಮೂಡಿದ ಹರಳು ಕೂತಿರುತ್ತದೆ. ನಡುವೆ ಏನಾಯಿತೋ ಒಂದು ಸಲವೂ ಕೈಗೆ ಸಿಗಲಿಲ್ಲ. ಅಷ್ಟರಲ್ಲಿ ರೆಪ್ಪೆ ಬಡಿದಿರುತ್ತಿತ್ತು. ಏಳು ನೋಟ್‌ಬುಕ್ ತುಂಬ ಗಂಟೆ, ನಿಮಿಷ, ಆಕಾರ ಬರೆದಿಟ್ಟಿದ್ದೆ.

ನನ್ನ ಅಕ್ಕ ಗುಣವತಿಗೆ ನಡುಕದ ಕಾಯಿಲೆ. ನಮ್ಮ ಅವ್ವನಿಗೂ ಇತ್ತು. ಮೊದಲು ಬೆರಳಿಗೆ ಬರುತ್ತದೆ, ಆಮೇಲೆ ತೋಳು, ಕುತ್ತಿಗೆ, ದವಡೆ. ಗಂಟಲಿಗೆ ಬಂತೆಂದರೆ ನುಂಗಲಾಗುವುದಿಲ್ಲ. ಅವ್ವ ಹಾಗೆಯೇ ಹೋದಳು. ಅಕ್ಕನನ್ನು ಉಳಿಸಿದ್ದು ಕಹಿತೊಗಟೆಯ ಹರಳು. ತೊಗಟೆಯನ್ನು ಕುದಿಸಿ ಸೋಸಿದ ಕಷಾಯವನ್ನು ಹಾಗೇ ಕುಡಿದರೆ ವಾಂತಿ. ಅದನ್ನು ಹರಳಾಗಿಸಿ ದಿನಕ್ಕೊಂದು ಚಿಟಿಕೆ ತಿಂದರೆ ನಡುಕ ಹದ್ದುಬಸ್ತಿನಲ್ಲಿ ಇರುತ್ತಿತ್ತು. ಅದೂ ಸೂಜಿಯಂತೆ ಉದ್ದನೆಯ ಹರಳೇ ಆಗಬೇಕು. ಲೇಸರಿನ ಬಾಯಿಗೆ ಒಂದು ಕಂಚಿನ ಬಳೆಯಿದೆ, ಅದರೊಳಗೊಂದು ಗಾಜಿನ ಬಿಲ್ಲೆ. ಬಳೆ ಒಂದು ಗುರುತಿಗಿದ್ದರೆ ಬೆಳಕು ನೇರವಾಗಿ ಹೋಗುತ್ತದೆ, ಇನ್ನೊಂದು ಗುರುತಿಗಿದ್ದರೆ ತಿರುಚಿಕೊಂಡು ಹೋಗುತ್ತದೆ. ಉಪ್ಪು, ಸಕ್ಕರೆಗೆಲ್ಲ ತಿರುಚು ಬೆಳಕು, ಬೇಗ ಕಚ್ಚುತ್ತದೆ. ತೊಗಟೆಗೆ ಮಾತ್ರ ನೇರ ಬೆಳಕು, ಎರಡು ಗಂಟೆ ಕಣ್ಣು ಕೀಳದೆ ಕಾಯಬೇಕು.

ಆ ದಿನ ನಾನು ಕಾಯಲಿಲ್ಲ. ಅವಸರಕ್ಕೆ ಕಾರಣವಿತ್ತು ಅಂತ ಹೇಳಿಕೊಳ್ಳಲು ಆಸೆ, ಆದರೆ ಇರಲಿಲ್ಲ. ಹೊರಗೆ ಪಾತ್ರೆಗಳ ಸಾಲೂ ಇರಲಿಲ್ಲ, ಮನೆಯಲ್ಲಿ ಕೆಲಸವೂ ಇರಲಿಲ್ಲ. ಒಂದೂಕಾಲು ಗಂಟೆ ಕೂತಿದ್ದೆ, ಕಾಲು ಜುಮುಗುಡುತ್ತಿತ್ತು, ಬಳೆ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ತಿರುಗಿಸಿಬಿಟ್ಟೆ. ಹತ್ತು ನಿಮಿಷಕ್ಕೆ ಹರಳು ಕಚ್ಚಿತು. ಚಪ್ಪಟೆಯಾಗಿ ಬಿಲ್ಲೆಬಿಲ್ಲೆಯಾಗಿ ಬೆಳೆಯಿತು. ಆಕಾರ ಯಾವುದಾದರೇನು, ತೊಗಟೆ ಅದೇ ತಾನೆ ಅಂದುಕೊಂಡು ಬಾಗಿಲು ತೆಗೆದೆ.

ನಮ್ಮೂರಿನ ಪದ್ಧತಿಯೊಂದಿದೆ. ಹೊಸ ಹರಳು ಕಚ್ಚಿದ ಪಾತ್ರೆ ಹೊರಗೆ ಬಂದರೆ ಅಲ್ಲಿದ್ದವರೆಲ್ಲ ಅದರ ಅಂಚನ್ನು ಬೆರಳಿನಿಂದ ಸವರಿ ಹಣೆಗೆ ಒರಸಿಕೊಳ್ಳುತ್ತಾರೆ. ಮದುವೆಯಾಗದವರು ಸೆರಗಿನ ತುದಿಗೂ ಒರಸಿಕೊಳ್ಳುತ್ತಾರೆ. ಆ ದಿನವೂ ಒರಸಿಕೊಂಡರು. ಅಕ್ಕ ಬಿಲ್ಲೆ ಹರಳನ್ನು ಬಾಯಿಗೆ ಹಾಕಿಕೊಂಡು ಒಂದು ಗಳಿಗೆ ನನ್ನ ಮುಖ ನೋಡಿದಳು. "ರುಚಿ ಬೇರೆ ಐತಲ್ಲೇ ತಾರಿ," ಅಂದಳು. "ತೊಗಟೆ ಈ ಸಲ ಎಳೇದು ಅಕ್ಕಾ," ಅಂದೆ. ಮೂರನೆಯ ದಿನ ಅವಳ ಕೈಯಿಂದ ಬಾಚಣಿಗೆ ಜಾರಿತು. ಹಳೆಯ ಸೂಜಿ ಹರಳು ಡಬ್ಬಿಯಲ್ಲಿ ಒಂದಿಷ್ಟಿತ್ತು. ಅಳೆದು ನೋಡಿದರೆ ಮೂವತ್ತೈದು ದಿನಕ್ಕೆ ಸಾಲುವಷ್ಟು. ಅದನ್ನು ಕೊಡತೊಡಗಿದೆ. ಅಷ್ಟರೊಳಗೆ ಇನ್ನೊಂದು ಪಾತ್ರೆ ಮಾಡಿದರಾಯಿತು, ಈ ಸಲ ಬಳೆ ಮುಟ್ಟುವುದಿಲ್ಲ ಅಂತ ನನಗೆ ನಾನೇ ಆಣೆ ಹಾಕಿಕೊಂಡೆ.

ಹೊಸ ಕಷಾಯ ಇಟ್ಟೆ. ಬಳೆಯನ್ನು ನೇರದ ಗುರುತಿಗೆ ತಂದೆ. ಲೆನ್ಸ್ ಒರಸುತ್ತಿದ್ದೆ, ಇನ್ನೂ ಲೇಸರ್ ಹಚ್ಚಿರಲಿಲ್ಲ. ತಿರುಗಿ ನೋಡಿದರೆ ಪಾತ್ರೆಯ ತುಂಬ ಬಿಲ್ಲೆ ಹರಳು. ಚುಕ್ಕಿಯಿಲ್ಲದೆ! ನಮ್ಮೂರಿನಲ್ಲಿ ತಲೆತಲಾಂತರದಿಂದ ಯಾರೂ ಕಾಣದಿದ್ದದ್ದು ನನ್ನ ಬೆನ್ನ ಹಿಂದೆ ಸದ್ದಿಲ್ಲದೆ ನಡೆದಿತ್ತು. ಬಾಗಿಲಲ್ಲಿ ನಿಂತಿದ್ದವರು ನೋಡಿ ಕೂಗಿಕೊಂಡರು. ಊರಿಗೆ ಊರೇ ಬಂತು. "ತಾರಾಮಣಿಯ ಕೈಗುಣ," ಅಂದರು. ಅಂಚು ಸವರಲು ನೂಕುನುಗ್ಗಲು. ಮುದುಕರು ಹಣೆಯೊಡ್ಡಿದರು, ತಾಯಂದಿರು ಮಗುವಿನ ನಾಲಿಗೆಗೂ ತಾಗಿಸಿದರು, ಕೆಲವರು ಒಂದೊಂದು ಬಿಲ್ಲೆಯನ್ನು ಬಾಗಿಲ ಚೌಕಟ್ಟಿಗೆ ಅಂಟಿಸಲು ಮನೆಗೆ ಒಯ್ದರು. ನಾನು ನಡುವೆ ನಿಂತು ನಗುತ್ತಿದ್ದೆ. ಕಣ್ಣು ಮಾತ್ರ ಆ ಕಂಚಿನ ಬಳೆಯ ಮೇಲೇ ಇತ್ತು. ಆಮೇಲೆ ಏಳು ಸಲ ಪ್ರಯತ್ನಿಸಿದೆ, ಏಳು ಸಲವೂ ಬಿಲ್ಲೆಯೇ.

ಬದುಕಿನಲ್ಲಿ ಎಲ್ಲದಕ್ಕೂ ಆತುರಪಟ್ಟ ನಾನು ಇದೊಂದನ್ನು ಹೇಳಲು ಹತ್ತೊಂಬತ್ತು ದಿನ ತೆಗೆದುಕೊಂಡೆ. ನಿದ್ದೆಯಿರಲಿಲ್ಲ, ಅನ್ನ ಇಳಿಯುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅಕ್ಕ ಡಬ್ಬಿ ಹೆಚ್ಚು ದಿನ ಬರಲೆಂದು ತಾನೇ ಚಿಟಿಕೆಯನ್ನು ಅರ್ಧ ಮಾಡಿಕೊಂಡಿದ್ದಳು. ಅವಳ ದವಡೆ ಅದುರಲು ಶುರುವಾಗಿತ್ತು. ಇಪ್ಪತ್ತನೆಯ ದಿನ ಸಿಂಗಾರಯ್ಯನವರ ಜಗಲಿಗೆ ಹೋದೆ. ನನಗಿಂತ ಮೊದಲು ಚುಕ್ಕಿ ಇಡುತ್ತಿದ್ದವರು ಅವರು. ಲೇಸರಿನ ಹೊಳಪು ತಾಗಿ ಒಂದು ಕಣ್ಣು ಕಳೆದುಕೊಂಡಿದ್ದರು, ಉಳಿದ ಕಣ್ಣಿನಲ್ಲಿ ಎದುರಿನವರ ಒಳಗನ್ನೆಲ್ಲ ನೋಡುತ್ತಿದ್ದರು. ಹೇಳಿದೆ, ಒಂದನ್ನೂ ಬಿಡದೆ.

ಸಿಂಗಾರಯ್ಯನವರು, "ಚುಕ್ಕಿ ಇಲ್ದೆ ಕಚ್ಚುತ್ತೆ ಅಂದ್ರೆ ಬೀಜ ಒಳಗಿದೆ ಅಂತ ಕಣಮ್ಮಾ," ಅಂದರು. "ಬಿಲ್ಲೆ ಹರಳಿನ ಧೂಳು. ಕಣ್ಣಿಗೆ ಕಾಣಲ್ಲ. ಒಂದು ಕಣ ಬಿದ್ರೆ ಸಾಕು, ಕಷಾಯ ಎಲ್ಲಾ ಅದರ ದಾರೀಲೇ ಹೋಗುತ್ತೆ. ಇದ್ದ ಸೂಜೀನೂ ತಾಗಿದ್ರೆ ಬಿಲ್ಲೆ ಆಗುತ್ತೆ."

"ಚುಕ್ಕಿಮನೆ ತೊಳಿತೀನಿ. ಸುಣ್ಣ ಹೊಡಿಸ್ತೀನಿ."

"ಊರನ್ನೇ ತೊಳಿತೀಯಾ? ಎಲ್ಲರ ಹಣೆ ಮೇಲೆ ಅದೇ ಇದೆ. ಸೆರಗಲ್ಲಿದೆ. ಚೌಕಟ್ಟಲ್ಲಿದೆ. ನಿನ್ನ ತಲೆಗೂದಲಲ್ಲಂತೂ ಕೇಳಲೇಬೇಡ. ಈ ಊರಲ್ಲಿ ಇನ್ನು ಸೂಜಿ ಹುಟ್ಟಲ್ಲ ತಾರಾ."

ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ, "ಆ ಪಾತ್ರೆ ಮುಟ್ಟದೇ ಇರೋರು ಯಾರಾದ್ರೂ ಇದಾರಾ, ಯೋಚನೆ ಮಾಡು," ಅಂದರು. ಯೋಚಿಸುವುದೇನೂ ಇರಲಿಲ್ಲ. ಅಂಥವರು ಒಬ್ಬರೇ ಇದ್ದರು, ಅವರನ್ನು ದೂರ ಇಟ್ಟವಳೂ ನಾನೇ.

ಕೆರೆಯ ಆಚೆ ದಡದಲ್ಲಿ ಕೆಂಪಾಜಮ್ಮ ಒಬ್ಬಳೇ ಇದ್ದಳು. ಸುಣ್ಣದ ಗೂಡು ಅವಳದು. ಆಳು ದೊಡ್ಡದು, ನಡೆದರೆ ನೆಲ ಧಿಮಿಧಿಮಿ ಅನ್ನುತ್ತಿತ್ತು. ಆರು ವರ್ಷದ ಹಿಂದೆ ಅಲುಗದ ಹೊತ್ತಿನಲ್ಲಿ ಅವಳು ಚುಕ್ಕಿಮನೆಯ ಮುಂದೆ ಹಾದುಹೋಗಿ ಒಂದು ಪಾತ್ರೆ ಕೆಟ್ಟಿತ್ತು. "ನೀನು ಹೆಜ್ಜೆ ಇಟ್ಟರೆ ನನ್ನ ಗಾಜೆಲ್ಲ ಕುಣಿಯುತ್ತೆ, ಇತ್ತ ಕಡೆ ಸುಳೀಬೇಡ," ಅಂತ ಹತ್ತು ಜನರ ಮುಂದೆ ಹೇಳಿದ್ದೆ. ಅವಳು ಅವತ್ತಿನಿಂದ ಈ ದಡಕ್ಕೆ ಕಾಲಿಟ್ಟಿರಲಿಲ್ಲ. ಉಪ್ಪನ್ನೂ ರಸ್ತೆಯ ಬಸ್ಸಿನವನ ಕೈಯಲ್ಲಿ ಹೊರಗಿನಿಂದ ತರಿಸಿಕೊಳ್ಳುತ್ತಿದ್ದಳು.

ಹರಿಗೋಲಿನಲ್ಲಿ ಕುಳಿತು ಹೋದೆ. ಗಾಳಿ ಆ ದಡದಿಂದ ಈ ಕಡೆಗೆ ಬೀಸುವ ತಿಂಗಳು ಅದು. ಆದರೂ ನನ್ನ ಮೈಮೇಲಿನ ಧೂಳು ಆಚೆ ಹೋಗಬಾರದೆಂದು ಅರ್ಧ ಕೆರೆ ದಾಟಿ ನಿಂತುಬಿಟ್ಟೆ. ಅಲ್ಲಿಂದಲೇ ಕೂಗಿದೆ. ಕೆಂಪಾಜಮ್ಮ ಸೊಂಟಕ್ಕೆ ಕೈಯಿಟ್ಟು ನೀರಿನಂಚಿಗೆ ಬಂದಳು.

"ಯಾರವ್ವಾ ಅದು? ಓಹೋ, ಚುಕ್ಕಿಮನೆ ದೊರೆಸಾನಿ! ದಾರಿ ತಪ್ಪಿತಾ?"

ವಿಷಯ ಹೇಳಿದೆ. ಕೂಗಿ ಕೂಗಿ ಹೇಳುವಾಗ ತಪ್ಪು ಇನ್ನೂ ದೊಡ್ಡದಾಗಿ ಕೇಳಿಸುತ್ತದೆ. ಅಕ್ಕನ ಹೆಸರು ಬಂದಾಗ ಅವಳ ಕೈ ಸೊಂಟದಿಂದ ಇಳಿಯಿತು. ಆದರೂ ಬಿಡಲಿಲ್ಲ.

"ನನ್ನ ಹೆಜ್ಜೆ ಭಾರ ಅಂದಿದ್ದು ಸುಳ್ಳು ಅಂತ ಹೇಳು ಮೊದ್ಲು."

ಹೇಳಿಬಿಡಬಹುದಿತ್ತು. ಹತ್ತೊಂಬತ್ತು ದಿನ ಸುಳ್ಳು ಹೇಳಿ ಬಾಯಿ ಸೋತಿತ್ತು. "ಭಾರಾನೇ ಕಣೇ ಕೆಂಪಾಜಮ್ಮಾ," ಅಂದೆ. "ಹತ್ತು ಜನರ ಮುಂದೆ ಅಂದಿದ್ದು ತಪ್ಪು. ನಿನ್ನ ಕಾಲಿಗೆ ಬೀಳ್ತೀನಿ, ಆದ್ರೆ ದಡಕ್ಕೆ ಬರೋ ಹಾಗಿಲ್ಲ."

ಅವಳು ಗಟ್ಟಿಯಾಗಿ ನಕ್ಕಳು. ಆ ನಗುವಿಗೆ ಎರಡು ಬಾತುಕೋಳಿ ಎದ್ದು ಹಾರಿದವು. "ಬೀಳೋದು ಬ್ಯಾಡ, ನೀರಿಗೆ ಬಿದ್ದೀಯ. ನಿಮ್ಮಕ್ಕನ್ನ ಕಳಿಸು," ಅಂದಳು.

ಬೆಳಕಿಗೆ ಧೂಳು ಅಂಟುವುದಿಲ್ಲ ಅನ್ನುವುದು ಸಿಂಗಾರಯ್ಯನವರಿಗೆ ಹೊಳೆದದ್ದು. ಲೇಸರ್ ಇಲ್ಲೇ ಇರಲಿ, ಕಿಟಕಿಯಿಂದ ಕೆರೆಯ ಮೇಲೆ ಆಚೆ ದಡಕ್ಕೆ ಬಿಡೋಣ, ಲೆನ್ಸ್ ಮತ್ತು ಪಾತ್ರೆ ಮಾತ್ರ ಅಲ್ಲಿರಲಿ ಅಂದರು. ಹೊಸ ಲೆನ್ಸು, ಕನ್ನಡಿ, ತೊಗಟೆಯ ಮೂಟೆ ಎಲ್ಲವನ್ನೂ ಬಸ್ಸಿನವನು ಆಚೆಯ ರಸ್ತೆಯಲ್ಲೇ ಇಳಿಸಿದ. ಊರಿಗೆ ಸಿಂಗಾರಯ್ಯನವರೇ ಹೇಳಿದರು. ಕೆಲವರು ನನ್ನ ಬಾಗಿಲಿಗೆ ಬಂದು ಉಗಿದರು, ಕೆಲವರು ಚೌಕಟ್ಟಿನ ಬಿಲ್ಲೆಯನ್ನು ಕಿತ್ತು ಬೀದಿಗೆ ಎಸೆದರು, ಧೂಳು ಇನ್ನಷ್ಟು ಹರಡಿತು. ಅಕ್ಕನಿಗೆ ಮಾತ್ರ, ಆಚೆ ದಡದ ಗಾಳಿ ನಿನಗೆ ಒಳ್ಳೆಯದಂತೆ ಅಂದಿದ್ದೆವು. ನಿಜವನ್ನು ನಾನು ಹೇಳಲಿಲ್ಲ. ಹೇಳಲು ನಾಲ್ಕು ಸಲ ಬಾಯಿ ತೆರೆದಿದ್ದೆ, ನಾಲ್ಕು ಸಲವೂ ಅವಳ ಅದುರುವ ದವಡೆ ಕಂಡು ಮುಚ್ಚಿಕೊಂಡೆ. ಹರಿಗೋಲು ನಡುಕೆರೆಗೆ ಬಂದಾಗ ಕೆಂಪಾಜಮ್ಮ ಕುತ್ತಿಗೆಯವರೆಗಿನ ನೀರಿನಲ್ಲಿ ನಡೆದು ಬಂದು, ಅಕ್ಕನನ್ನು ಎತ್ತಿಕೊಂಡು ಮೂರು ಸಲ ಮುಳುಗಿಸಿದಳು. ಹಳೆಯ ಸೀರೆಯನ್ನು ನೀರಿಗೆ ಬಿಟ್ಟಳು. ದಡದಲ್ಲಿ ಅವಳ ಕೂದಲನ್ನು ಬುಡಕ್ಕೆ ಕತ್ತರಿಸಿ ಗೂಡಿನ ಬೆಂಕಿಗೆ ಹಾಕಿದಳು. ಅಷ್ಟು ಉದ್ದನೆಯ ಕೂದಲು. ನಾನು ಹರಿಗೋಲಿನಲ್ಲೇ ಕೂತು ನೋಡಿದೆ.

ಒಂದು ವಾರ ಕೆಂಪಾಜಮ್ಮನಿಗೆ ನೀರಿನ ಮೇಲಿನಿಂದಲೇ ಪಾಠ. ಮರಳಿನ ಪೆಟ್ಟಿಗೆಯ ಮೇಲೆ ಪಾತ್ರೆ ಇಡುವುದು, ಕನ್ನಡಿ ಬಗ್ಗಿಸುವುದು, ಲೆನ್ಸನ್ನು ಮೇಲೆ ಕೆಳಗೆ ಮಾಡಿ ಬೆಳಕನ್ನು ಚುಕ್ಕಿಗೆ ತರುವುದು. "ಇಷ್ಟು ದಪ್ಪ ಕೈಯಲ್ಲಿ ಇಷ್ಟು ಸಣ್ಣ ಕೆಲ್ಸ ಮಾಡ್ಸ್ತೀಯಲ್ಲವ್ವಾ," ಅನ್ನುತ್ತಿದ್ದಳು. ಆದರೆ ಅವಳ ಕೈ ನನ್ನದಕ್ಕಿಂತ ಸ್ಥಿರವಾಗಿತ್ತು, ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ಅಕ್ಕನ ಡಬ್ಬಿಯಲ್ಲಿ ಎಂಟು ದಿನದ ಹರಳು ಉಳಿದಿತ್ತು. ಡಬ್ಬಿಯನ್ನು ಆಚೆ ಒಯ್ಯುವಂತಿರಲಿಲ್ಲ. ಅಂದರೆ ಆ ವಾರ ಅವಳಿಗೆ ಔಷಧಿಯೇ ಇರಲಿಲ್ಲ. ನಾಲ್ಕನೆಯ ದಿನದಿಂದ ಗಂಜಿಯೂ ಸರಿಯಾಗಿ ಇಳಿಯುತ್ತಿಲ್ಲ ಅಂತ ಕೆಂಪಾಜಮ್ಮ ಕೂಗಿ ಹೇಳಿದಳು. ನಾನು ಅವ್ವನ ಕೊನೆಯ ದಿನಗಳನ್ನು ನೆನೆಸಿಕೊಳ್ಳಬಾರದು ಅಂದುಕೊಂಡು ಇಡೀ ದಿನ ನೆನೆಸಿಕೊಂಡೆ.

ಎಂಟನೆಯ ಬೆಳಗು ಅಲುಗದ ಹೊತ್ತು ಶುರುವಾಯಿತು. ಬಳೆಯನ್ನು ನೇರದ ಗುರುತಿಗೆ ತಂದು ಸಿಂಗಾರಯ್ಯನವರನ್ನು ಕರೆದು ತೋರಿಸಿದೆ. ಲೇಸರ್ ಹಚ್ಚಿದೆ. ಹಸಿರು ಬೆಳಕು ಕಿಟಕಿ ದಾಟಿ, ನೀರಿನ ಮೇಲೆ ತೇಲುತ್ತಿದ್ದ ತೆಳುಮಂಜಿನಲ್ಲಿ ಒಂದು ಗೆರೆಯಾಗಿ ಕಾಣಿಸಿ, ಆಚೆಯ ಗುಡಿಸಲಿನೊಳಗೆ ಹೋಯಿತು. ಹರಳು ಕಚ್ಚಿದರೆ ಬಿಳಿ ಟವಲು ಬೀಸು ಅಂದಿದ್ದೆ.

ಒಂದು ಗಂಟೆಯಾಯಿತು. ಊರಿನಲ್ಲಿ ಒಂದು ಕಾಗೆಯ ಸದ್ದೂ ಇಲ್ಲ. ನನ್ನ ಕಣ್ಣಿಗೆ ಕೊಳವೆಯಿಲ್ಲ, ಬರೆಯಲು ಏನೂ ಇಲ್ಲ, ಕಿಟಕಿಯಾಚೆ ಸುಣ್ಣದ ಗೂಡಿನ ಹೊಗೆ ಬಿಟ್ಟರೆ ನೋಡಲು ಏನೂ ಇಲ್ಲ. ಎರಡು ಗಂಟೆಯಾಯಿತು. ಟವಲು ಇಲ್ಲ. ಬೆಳಕು ಅಷ್ಟು ದೂರ ಹೋಗಿ ಸೊರಗಿತೇ? ಕನ್ನಡಿ ವಾಲಿತೇ? ತಿರುಚು ಬೆಳಕಾದರೆ ಹತ್ತೇ ನಿಮಿಷ, ಅಕ್ಕನಿಗೆ ಏನೋ ಒಂದು ಸಿಗುತ್ತದೆ ಅಂತ ಮನಸ್ಸು ಹೇಳತೊಡಗಿತು. ಏನೋ ಒಂದು ಅಂದರೆ ಆ ದಡವೂ ಕೆಟ್ಟಿತು ಅಂತಲೇ ಅರ್ಥ, ಅದೂ ಗೊತ್ತಿತ್ತು. ಗೊತ್ತಿದ್ದೂ ಬೆರಳು ಬಳೆಯ ಹತ್ತಿರ ಹೋಯಿತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತೆ. ಎರಡೂವರೆ ಗಂಟೆ. ಕೈ ಮರಗಟ್ಟಿತು. ಅವ್ವಾ ಅವ್ವಾ ಅಂತ ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಮೂರು ಗಂಟೆ ತುಂಬಲು ಸ್ವಲ್ಪ ಇರುವಾಗ ಗುಡಿಸಲಿನಿಂದ ಕೆಂಪಾಜಮ್ಮ ಹೊರಗೆ ಬಂದಳು. ಕಾಲನ್ನು ಹೂವಿನ ಮೇಲೆ ಇಡುವವಳ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ನೀರಿನ ತನಕ ಬಂದು ಟವಲು ಬೀಸಿದಳು.

ಓಡಿದೆ. ಮೊಣಕಾಲಿನವರೆಗೆ ನೀರಿಗಿಳಿದೆ. "ಸೂಜೀನಾ? ಬಿಲ್ಲೇನಾ?"

"ಸೂಜಿ ಕಣವ್ವೋ! ಮುಟ್ಟಿದ್ರೆ ಚುಚ್ಚುತ್ತೆ!"

ಅಳು ಬಂತು, ಅದರ ನಡುವೆಯೇ ಹಳೆಯ ಹುಚ್ಚೂ ಬಂತು. "ಹೆಂಗೆ ಶುರುವಾಯ್ತು? ಚುಕ್ಕೀಲೇನಾ, ಪಕ್ಕದಲ್ಲಾ? ಮೊದಲು ಮಂಜಿನ ಥರ ಬಂತಾ?"

"ನಂಗೇನು ಗೊತ್ತು? ಆ ಬೆಳಕು ನೋಡಿ ಹೆದರ್ಕೊಂಡು ಕಣ್ಣು ಮುಚ್ಚಿದ್ದೆ. ಬಿಟ್ಟಾಗ ಇತ್ತು."

ನಾನು ನೀರಿನಲ್ಲೇ ಕೂತುಬಿಟ್ಟೆ. ನಕ್ಕೆನೋ ಅತ್ತೆನೋ ದಡದಲ್ಲಿದ್ದವರನ್ನು ಕೇಳಬೇಕು.

ಅಕ್ಕ ಉಳಿದಳು. ಆದರೆ ಅಲ್ಲೇ ಇರಬೇಕು, ನಾನು ಇಲ್ಲೇ ಇರಬೇಕು. ಅಲ್ಲಿಂದ ಇಲ್ಲಿಗೆ ಏನು ಬೇಕಾದರೂ ಬರಬಹುದು. ಇಲ್ಲಿಂದ ಅಲ್ಲಿಗೆ ಒಂದು ಹೂವೂ ಹೋಗುವಂತಿಲ್ಲ. ತಿಂಗಳಿಗೆರಡು ಸಲ ಬೆಳಕು ಕಳಿಸುತ್ತೇನೆ, ಅಷ್ಟೇ. ಉಳಿದ ದಿನ ಉಪ್ಪು, ಬೆಲ್ಲ ನೋಡಿಕೊಳ್ಳುತ್ತೇನೆ. ಸಂಜೆ ದಡದಲ್ಲಿ ನಿಂತರೆ ಬೋಳುತಲೆಯ ಸಣ್ಣ ಆಕೃತಿಯೊಂದು ಗೂಡಿನ ಹತ್ತಿರ ಓಡಾಡುವುದು ಕಾಣುತ್ತಿತ್ತು. ಕೈ ಬೀಸುತ್ತಿದ್ದೆ. ಅವಳು ಬೀಸುತ್ತಿರಲಿಲ್ಲ. ಕೈ ಇನ್ನೂ ಹತೋಟಿಗೆ ಬಂದಿಲ್ಲವೇನೋ ಅಂದುಕೊಳ್ಳುತ್ತಿದ್ದೆ.

ಎರಡನೆಯ ತಿಂಗಳು ಒಂದು ಬೆಳಗ್ಗೆ ಬೆಳಕು ಬಿಟ್ಟು ಕೂತಿದ್ದೆ. ಗಾಳಿಗೆ ತೇಲುತ್ತ ಒಂದು ತಗಡಿನ ಡಬ್ಬಿ ನಮ್ಮ ದಡಕ್ಕೆ ಬಂತು ಅಂತ ಸಿಂಗಾರಯ್ಯನವರು ಮೆಲ್ಲಗೆ ತಂದುಕೊಟ್ಟರು. ಒಳಗೆ ಕಾಗದ. ಅಕ್ಕನ ಅಕ್ಷರ, ಒಂದು ಸಾಲೂ ಅಲುಗಿರಲಿಲ್ಲ.

"ತಾರಿ, ಬಿಲ್ಲೆ ಬಾಯಿಗೆ ಹಾಕಿಕೊಂಡ ದಿನವೇ ನನಗೆ ಗೊತ್ತಾಯಿತು. ನೀನು ಬಳೆ ತಿರುಗಿಸಿದ್ದೀಯ ಅಂತ. ತೊಟ್ಟಿಲಲ್ಲೂ ಸುಮ್ಮನೆ ಮಲಗದವಳು ನೀನು, ನನಗೆ ಹೊಸದೇ? ಅದಕ್ಕೆ ಕೋಪವಿಲ್ಲ. ನೀನಾಗಿ ಬಂದು ಹೇಳುತ್ತೀಯ ಅಂತ ದಿನವೂ ಕಾದೆ. ಹರಿಗೋಲಿನಲ್ಲಿ ಕೂತಾಗಲೂ ಕಾದೆ. ನೀನು ಸಿಂಗಾರಯ್ಯನವರಿಗೆ ಹೇಳಿದೆ, ಕೆಂಪಾಜಮ್ಮನಿಗೆ ಹೇಳಿದೆ, ಊರಿಗೆಲ್ಲ ಗೊತ್ತಾಯಿತು. ನನಗೊಬ್ಬಳಿಗೆ ಗಾಳಿ ಒಳ್ಳೆಯದು ಅಂದೆ. ಆ ಕೋಪ ಇನ್ನೂ ಇದೆ. ನೀನು ಕಾಗದ ಬರೆದರೆ ನಾನು ಮುಟ್ಟುವಂತಿಲ್ಲ. ಬಾಯಿದೆಯಲ್ಲ."

ಕಿಟಕಿಗೆ ಹೋದೆ. ಬೆಳಕು ಕೆರೆಯ ಮೇಲೆ ನೇರವಾಗಿ ನಿಂತಿತ್ತು. ಆಚೆ ದಡದಲ್ಲಿ ಅಕ್ಕ ನೀರಿನಂಚಿಗೆ ಬಂದು ಕಲ್ಲಿನ ಮೇಲೆ ಕೂತಿದ್ದಳು, ನಮ್ಮ ಕಡೆಗೇ ಮುಖ ಮಾಡಿ. ಅವಳ ಬೆನ್ನ ಹಿಂದಿನ ಗುಡಿಸಲಿನಲ್ಲಿ ಅವಳದೇ ಔಷಧಿ ಕಚ್ಚುವುದಿತ್ತು. ಈಗ ಕೂಗಿದರೆ ಅದು ಕೆಡುತ್ತದೆ. ಅಲುಗದ ಹೊತ್ತು ಮುಗಿಯಲು ಇನ್ನೂ ಒಂದೂಮುಕ್ಕಾಲು ಗಂಟೆಯಿತ್ತು. ಅವಳಿಗೆ ಅದು ಗೊತ್ತಿದ್ದೇ ಡಬ್ಬಿಯನ್ನು ಆ ಹೊತ್ತಿಗೆ ಬಿಟ್ಟಿದ್ದಳು. ಒಂದೂಮುಕ್ಕಾಲು ಗಂಟೆ ನಾನು ಈ ಕಡೆ ಕೂತೆ, ಅವಳು ಆ ಕಡೆ ಕೂತಳು. ಗಂಟಲಿಗೆ ಬಂದ ಮಾತನ್ನು ಅಷ್ಟು ಹೊತ್ತು ಹಿಡಿದುಕೊಳ್ಳುವುದು ಏನು ಅಂತ ಅವತ್ತು ತಿಳಿಯಿತು.

ಟವಲು ಬೀಸಿದ್ದು ಕಂಡಿತು. ನಾನು ಬಾಗಿಲು ದಾಟಿ, ಮೆಟ್ಟಿಲು ದಾಟಿ ನೀರಿಗೆ ಹೋದೆ. ಅಲುಗದ ಹೊತ್ತು ಆಗಷ್ಟೇ ಬಿಟ್ಟಿತ್ತು. ಊರು ಇನ್ನೂ ಬಾಯಿ ತೆರೆದಿರಲಿಲ್ಲ. ನನ್ನ ದನಿ ಎಲ್ಲ ಮನೆಗೂ ಕೇಳಿಸಿರಬೇಕು.

"ಅಕ್ಕಾ! ನಾನೇ ಬಳೆ ತಿರುಗಿಸಿದ್ದು! ಕಾಯೋಕಾಗ್ದೆ ತಿರುಗಿಸಿದೆ! ನಿನ್ ಹತ್ರ ಸುಳ್ಳು ಹೇಳಿದೆ!"

ಅಕ್ಕ ಕಲ್ಲಿನಿಂದ ಎದ್ದು ನಿಂತಳು. ಆಮೇಲೆ ಅವಳ ದನಿ ಬಂತು. ಎಷ್ಟೋ ತಿಂಗಳಿನಿಂದ ಕೇಳಿರದ, ಒಂದಿಷ್ಟೂ ಅದುರದ ದನಿ.

"ಕೇಳಿಸ್ತು! ಇನ್ನೊಂದ್ಸಲ ಹೇಳು!"

ಇನ್ನೊಂದು ಸಲ ಹೇಳಿದೆ.